ಆ ಮಾತು ಆಡಿದ್ದು ನಾನೋ, ನಾನು ಕೂತ ಕುರ್ಚಿಯೋ?

2020ರ ಜೂನ್ ತಿಂಗಳ ಒಂದು ಬೆಳಿಗ್ಗೆ. ಲಾಕ್‌ಡೌನ್ ಸಡಿಲವಾಗಿ ಕೆಲವೇ ದಿನಗಳಾಗಿದ್ದವು. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ ಒಬ್ಬ ಹೆಂಗಸು ನಿಂತಿದ್ದರು. ಒಂಬತ್ತು ವರ್ಷಗಳಿಂದ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದವರು. ನನ್ನ ಮಗನನ್ನು ಎತ್ತಿ ಆಡಿಸಿದವರು. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರು ಎಲ್ಲರೂ ಅವರನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದೆವು.

ಆ ವರ್ಷ ನಾನು ನಿವಾಸಿಗಳ ಸಂಘದ ಕಾರ್ಯದರ್ಶಿ. ಹೊರಗಿನ ಕೆಲಸದವರು ಯಾರೂ ಒಳಗೆ ಬರಕೂಡದು ಎಂಬ ಸುತ್ತೋಲೆಗೆ ಸಹಿ ಹಾಕಿದವನೂ ನಾನೇ. ಕಾವಲುಗಾರ ಫೋನ್ ಮಾಡಿದ್ದರಿಂದ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಕೈಯಲ್ಲಿ ರಿಜಿಸ್ಟರ್ ಹಿಡಿದುಕೊಂಡು ಕೆಳಗಿಳಿದು ಹೋದೆ.

“ಸಾರ್, ಒಳಗೆ ಬಿಡದಿದ್ರೆ ಪರವಾಗಿಲ್ಲ. ಹೋದ ತಿಂಗಳ ಸಂಬಳದ ವಿಷಯ ಅಮ್ಮಾವರ ಹತ್ರ ಒಂದು ಮಾತು ಕೇಳ್ಬೇಕಿತ್ತು” ಎಂದರು.

“ನೋಡಮ್ಮ, ಇಲ್ಲಿ ಹೀಗೆಲ್ಲ ಬಂದು ನಿಂತ್ಕೋಬಾರದು. ಕಮಿಟಿ ತೀರ್ಮಾನ ಆಗೋವರೆಗೂ ಏನೂ ಮಾಡಕ್ಕಾಗಲ್ಲ. ನಿಮ್ಮೋರಿಗೆಲ್ಲ ಹೇಳಿ ಆಗಿದೆಯಲ್ಲ” ಎಂದೆ.

ಅವರು ಮತ್ತೊಂದು ಮಾತಾಡಲಿಲ್ಲ. “ಆಯ್ತು ಸಾರ್” ಎಂದು ಹೊರಟುಹೋದರು. ಏಪ್ರಿಲ್ ಸಂಬಳ ಕೊಟ್ಟಿದ್ದೆವು. ಮೇ ತಿಂಗಳದ್ದನ್ನು ‘ಕೆಲಸಕ್ಕೆ ಬಂದಾಗ ಕೊಡೋಣ’ ಎಂದು ಬಿಟ್ಟಿದ್ದೆವು. ಅವರು ಬರದಂತೆ ತಡೆದವನು ನಾನೇ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮಹಡಿಗೆ ಬಂದಾಗ ಹನ್ನೆರಡು ವರ್ಷದ ಮಗ ಬಾಲ್ಕನಿಯಲ್ಲಿ ನಿಂತಿದ್ದ. “ಅಪ್ಪ, ಅಕ್ಕನ ಹತ್ರ ಯಾಕೆ ಹಾಗೆ ಮಾತಾಡಿದ್ರಿ? ನಿಮ್ಮ ದನಿನೇ ಬೇರೆ ಥರ ಇತ್ತು” ಎಂದ. ನಾನು ಅವನಿಗೆ ವೈರಸ್ಸಿನ ವಿಷಯ, ನಿಯಮದ ವಿಷಯ, ಎಲ್ಲರ ಸುರಕ್ಷತೆಯ ವಿಷಯ ಹೇಳಿದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವನು ಕೇಳಿದ್ದು ಅದನ್ನಲ್ಲ. ‘ಅಕ್ಕ’ ಎಂದು ಕರೆಯುತ್ತಿದ್ದ ಬಾಯಲ್ಲಿ ‘ನಿಮ್ಮೋರು’ ಎಂಬ ಮಾತು ಎಲ್ಲಿಂದ ಬಂತು ಎಂದು ಅವನು ಕೇಳಿದ್ದ. ಆ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಹುಡುಕುತ್ತಾ ಹೋದಾಗ ಕಂಡದ್ದನ್ನು ಈ ಪುಟದ ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ತೋಪಿನ ಪೇತ್ರ, ಅಂಗಳದ ಪೇತ್ರ

ಸಂತ ಪೇತ್ರರು ಪ್ರಭುವನ್ನು ನಿರಾಕರಿಸಿದ ಘಟನೆಯನ್ನು ಪ್ರತಿ ವರ್ಷ ಶುಭ ಶುಕ್ರವಾರದಂದು ಕೇಳುತ್ತೇವೆ. ಕೇಳುವಾಗ ಹೆಚ್ಚಿನವರಿಗೆ ಬರುವ ಯೋಚನೆ ಒಂದೇ: ಪೇತ್ರ ಪುಕ್ಕಲ. ಆದರೆ ಅದೇ ರಾತ್ರಿ ಕೆಲವೇ ಗಂಟೆಗಳ ಮುಂಚೆ ನಡೆದದ್ದನ್ನು ನೆನಪಿಗೆ ತಂದುಕೊಳ್ಳಿ. ದೀಪ, ಪಂಜು, ಆಯುಧಗಳೊಡನೆ ಕಾವಲಿನವರ ಗುಂಪು ತೋಪಿಗೆ ನುಗ್ಗಿದಾಗ ಕತ್ತಿ ಹಿರಿದು ಮುನ್ನುಗ್ಗಿದವನು ಇದೇ ಪೇತ್ರ. ಆಯುಧಪಾಣಿಗಳ ಮುಂದೆ ಒಬ್ಬನೇ ಕತ್ತಿ ಎತ್ತುವವನು ಪುಕ್ಕಲನಾಗಿರಲು ಸಾಧ್ಯವೇ?

ಸಂತ ಯೊವಾನ್ನರು ಒಂದೊಂದು ವಿವರವನ್ನೂ ಜೋಪಾನವಾಗಿ ಬರೆದಿದ್ದಾರೆ. ಮೊದಲ ಪ್ರಶ್ನೆ ಕೇಳಿದ್ದು ಬಾಗಿಲು ಕಾಯುತ್ತಿದ್ದ ಒಬ್ಬ ದಾಸಿ. ಅಂದು ಚಳಿ ಇತ್ತು. ಊಳಿಗದವರೂ ಕಾವಲಿನವರೂ ಕೆಂಡದ ಬೆಂಕಿ ಹಾಕಿಕೊಂಡು ಸುತ್ತ ನಿಂತಿದ್ದರು. ಪೇತ್ರನೂ ಅವರ ನಡುವೆ ನಿಂತು ಚಳಿ ಕಾಯಿಸಿಕೊಳ್ಳುತ್ತಿದ್ದ.

ತೋಪಿನಲ್ಲಿ ಪ್ರಭು ಪಕ್ಕದಲ್ಲಿದ್ದರು, ಸಂಗಡಿಗರು ಜೊತೆಗಿದ್ದರು. ಅಲ್ಲಿ ಅವನು ‘ಯೇಸುವಿನ ಶಿಷ್ಯ’. ಅಂಗಳದಲ್ಲಿ ಅವನು ಒಬ್ಬಂಟಿ. ಸುತ್ತಲೂ ಪರರು, ಅವರು ಹಾಕಿದ ಬೆಂಕಿ. ಆ ಬೆಂಕಿಯ ಬಳಿ ನಿಲ್ಲಬೇಕಾದರೆ ಅವರಲ್ಲಿ ಒಬ್ಬನಂತೆ ಕಾಣಬೇಕು. ಮನುಷ್ಯ ಒಬ್ಬನೇ. ರಾತ್ರಿಯೂ ಒಂದೇ. ನಿಂತ ಜಾಗ ಬದಲಾಯಿತು, ಬಾಯಿಂದ ಬಂದ ಮಾತೂ ಬದಲಾಯಿತು.

ತಾನು ಹೀಗೆ ಮಾಡಬಲ್ಲೆ ಎಂಬುದು ಪೇತ್ರನಿಗೇ ಗೊತ್ತಿರಲಿಲ್ಲ. ಪ್ರಭು ಮೊದಲೇ ಹೇಳಿದ್ದರೂ ನಂಬಲಿಲ್ಲ. ಪ್ರಾಣ ಹೋದರೂ ನಿಮ್ಮನ್ನು ಬಿಡೆನು ಎಂದು ಅವನು ಹೇಳಿದ್ದು ಪ್ರಾಮಾಣಿಕವಾಗಿಯೇ. ‘ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ’ ಎಂದು ನಾವು ಸುಲಭವಾಗಿ ಹೇಳುವುದೂ ಇದೇ ಧಾಟಿಯಲ್ಲಿ.

ಸಾಮತಿ ಬಲ್ಲವರೂ ನಿಲ್ಲಲಿಲ್ಲ

ಇದು ಪೇತ್ರನೊಬ್ಬನ ಕಥೆಯಲ್ಲ. ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್, 1973ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಕ್ರೈಸ್ತರಾದ ನಾವೆಲ್ಲ ತಿಳಿದಿರಬೇಕು. ಪ್ರಿನ್ಸ್‌ಟನ್ನಿನ ಪ್ರೊಟೆಸ್ಟೆಂಟ್ ಗುರುಮಠದ 40 ವಿದ್ಯಾರ್ಥಿಗಳನ್ನು ಅವರು ಪರೀಕ್ಷೆಗೆ ಒಳಪಡಿಸಿದರು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಕಿರು ಭಾಷಣ ಮಾಡಬೇಕೆಂದು ಹೇಳಿದರು. ಅರ್ಧದಷ್ಟು ಮಂದಿಗೆ ಕೊಟ್ಟ ವಿಷಯ ಸದಯ ಸಮಾರಿಯದವನ ಸಾಮತಿ. ಉಳಿದವರಿಗೆ ಗುರುಮಠದ ವಿದ್ಯಾರ್ಥಿಗಳಿಗೆ ದೊರೆಯುವ ಉದ್ಯೋಗಗಳ ವಿಷಯ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯನನ್ನು ಬಾಗಿಲ ಬಳಿ ಕುಸಿದು ಕೂರಿಸಿದ್ದರು. ಅವನು ಕೆಮ್ಮುತ್ತಾ ನರಳುತ್ತಾ ಇದ್ದ.

ಇಲ್ಲೊಂದು ಉಪಾಯವಿತ್ತು. ಕೆಲವರಿಗೆ ‘ಆಗಲೇ ತಡವಾಗಿದೆ, ಬೇಗ ಹೋಗಿ’ ಎಂದರು. ಕೆಲವರಿಗೆ ‘ಸರಿಯಾದ ಸಮಯಕ್ಕೆ ಹೊರಟಿದ್ದೀರಿ’ ಎಂದರು. ಇನ್ನು ಕೆಲವರಿಗೆ ‘ಇನ್ನೂ ಸ್ವಲ್ಪ ಸಮಯವಿದೆ’ ಎಂದರು. ಸಮಯವಿದ್ದವರಲ್ಲಿ ನೂರಕ್ಕೆ 63 ಮಂದಿ ನರಳುತ್ತಿದ್ದವನಿಗೆ ಒಂದಲ್ಲ ಒಂದು ರೀತಿಯಲ್ಲಿ ನೆರವಾದರು. ಸಮಯಕ್ಕೆ ಸರಿಯಾಗಿ ಹೊರಟವರಲ್ಲಿ ನೂರಕ್ಕೆ 45. ತಡವಾಯಿತೆಂದು ಓಡಿದವರಲ್ಲಿ ನೂರಕ್ಕೆ 10 ಮಾತ್ರ. ಸಮಾರಿಯದವನ ಕುರಿತು ಭಾಷಣ ಸಿದ್ಧಪಡಿಸಿಕೊಂಡದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆ ಸಾಮತಿಯನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಾ ಹೋಗುತ್ತಿದ್ದವರೂ ನರಳುವವನನ್ನು ದಾಟಿಕೊಂಡು ಹೋದದ್ದುಂಟು.

ನಲವತ್ತು ಮಂದಿಯ ಪುಟ್ಟ ಅಧ್ಯಯನ ಇದು, ನಿಜ. ಅದರಿಂದ ಮನುಕುಲಕ್ಕೆಲ್ಲ ತೀರ್ಪು ಬರೆಯಲಾಗದು. ಆದರೆ ಬೆಂಗಳೂರಿನಲ್ಲಿ ಬದುಕುವವರಿಗೆ ಇದನ್ನು ಒಪ್ಪಿಕೊಳ್ಳಲು ಅಮೆರಿಕದ ಸಾಕ್ಷಿ ಏಕೆ ಬೇಕು? ಬಿ.ಟಿ.ಎಂ. ಬಡಾವಣೆಯಿಂದ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗುವ ಯಾರನ್ನಾದರೂ ಕೇಳಿ. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದ ಕ್ಷಣ ಹಿಂದಿನಿಂದ ಮೊಳಗುವ ಹಾರನ್ನುಗಳಲ್ಲಿ ಒಂದು ನಮ್ಮದೇ ಆಗಿರುತ್ತದೆ. ಮುಂದಿನ ಸ್ಕೂಟರಿನವರು ಏಕೆ ನಿಂತರು, ಗಾಡಿ ಕೆಟ್ಟಿತೋ, ತಲೆ ಸುತ್ತಿತೋ ಎಂದು ಕೇಳುವಷ್ಟು ವ್ಯವಧಾನ ನಮಗಿಲ್ಲ. ಅದೇ ನಾವು ಭಾನುವಾರ ಬಲಿಪೂಜೆ ಮುಗಿಸಿ ನಿಧಾನವಾಗಿ ನಡೆದು ಬರುವಾಗ ದಾರಿಯಲ್ಲಿ ಎಡವಿದ ಮುದುಕರ ಕೈ ಹಿಡಿದು ರಸ್ತೆ ದಾಟಿಸುತ್ತೇವೆ. ಸೋಮವಾರದವರೂ ನಾವೇ, ಭಾನುವಾರದವರೂ ನಾವೇ.

ಹೆದರಿಕೆ ತೆಗೆದರೆ ಕರುಣೆಗೆ ದಾರಿ

ನಮ್ಮ ರಾಜ್ಯದಲ್ಲೇ ನಡೆದ ಒಂದು ಘಟನೆ ಹಲವರಿಗೆ ನೆನಪಿರಬಹುದು. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೊರವಲಯದ ನೆಲಮಂಗಲದ ಬಳಿ ಹರೀಶ್ ಎಂಬ ಯುವಕ ಲಾರಿಗೆ ಸಿಕ್ಕಿ ದೇಹವೇ ಎರಡು ತುಂಡಾಗಿ ರಸ್ತೆಯಲ್ಲಿ ಬಿದ್ದರು. ಆ ಸ್ಥಿತಿಯಲ್ಲೂ ತಮ್ಮ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಅದೇ ವರ್ಷ ರಾಜ್ಯ ಸರ್ಕಾರ ಅವರ ಹೆಸರಿನಲ್ಲೇ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ಯನ್ನು ಆರಂಭಿಸಿತು. ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳ ತುರ್ತು ಚಿಕಿತ್ಸೆಯ ವೆಚ್ಚಕ್ಕೆ ನೆರವಾಗುವುದು ಅದರ ಉದ್ದೇಶ.

ಅಪಘಾತದ ಸ್ಥಳದಲ್ಲಿ ಜನ ಏಕೆ ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆ? ‘ಮಾನವೀಯತೆ ಸತ್ತುಹೋಗಿದೆ’ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಹಾಗೆ ನಿಂತವರ ಮನಸ್ಸಿನಲ್ಲಿ ಏನಿತ್ತು? ಆಸ್ಪತ್ರೆಗೆ ಸೇರಿಸಿದರೆ ಹಣ ಕಟ್ಟು ಎನ್ನುತ್ತಾರೆ, ಪೊಲೀಸರು ಹೆಸರು ಬರೆದುಕೊಳ್ಳುತ್ತಾರೆ, ಆಮೇಲೆ ಕೋರ್ಟಿಗೆ ಅಲೆದಾಟ ಎಂಬ ಭಯ. ಜೊತೆಗೆ, ಇಷ್ಟು ಜನ ಇದ್ದಾರಲ್ಲ, ಯಾರಾದರೂ ಮಾಡಿಯಾರು ಎಂಬ ನೆಪ. ಆ ಭಯ ಬರಿಯ ಕಲ್ಪನೆಯಾಗಿರಲಿಲ್ಲ.

2016ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟ್, ಗಾಯಾಳುಗಳಿಗೆ ನೆರವಾಗುವವರನ್ನು ಪೊಲೀಸರಾಗಲಿ ಆಸ್ಪತ್ರೆಯಾಗಲಿ ಪೀಡಿಸಬಾರದೆಂಬ ಮಾರ್ಗಸೂಚಿಗಳನ್ನು ದೇಶಕ್ಕೆಲ್ಲ ಅನ್ವಯಿಸಿತು. ಕರ್ನಾಟಕವು ಇದಕ್ಕಾಗಿಯೇ ಒಂದು ಕಾಯಿದೆ ರೂಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯಿದೆಯಲ್ಲೂ ಈ ರಕ್ಷಣೆ ಸೇರಿತು. ಗಮನಿಸಿ, ಈ ಕಾನೂನುಗಳು ಯಾರಿಗೂ ‘ಕರುಣೆಯುಳ್ಳವರಾಗಿ’ ಎಂದು ಪ್ರಬೋಧನೆ ಮಾಡಲಿಲ್ಲ. ಕರುಣೆಗೆ ಅಡ್ಡವಾಗಿ ನಿಂತಿದ್ದ ಭಯವನ್ನು ತೆಗೆಯಲು ಯತ್ನಿಸಿದವು. ಸಂದರ್ಭವನ್ನು ಬದಲಾಯಿಸುವುದೂ ಪ್ರೇಮದ ಕಾರ್ಯವೇ.

ಪೋಪ್ ಫ್ರಾನ್ಸಿಸ್ ಅವರು 2020ರಲ್ಲಿ ಹೊರಡಿಸಿದ ‘ಫ್ರಾತೆಲ್ಲಿ ತುತ್ತಿ’ ವಿಶ್ವಪತ್ರದಲ್ಲಿ ಒಂದಿಡೀ ಅಧ್ಯಾಯವನ್ನು ಈ ಸಾಮತಿಗೇ ಮೀಸಲಿಟ್ಟರು. ಯಾಜಕನೂ ಲೇವಿಯನೂ ಧರ್ಮನಿಷ್ಠರಾಗಿದ್ದರು ಎಂಬುದನ್ನು ಅವರು ವಿಶೇಷವಾಗಿ ಎತ್ತಿ ತೋರಿಸಿದರು. ದೇವರನ್ನು ನಂಬಿದ ಮಾತ್ರಕ್ಕೆ ದೇವರು ಮೆಚ್ಚುವಂತೆ ಬದುಕುತ್ತೇವೆಂಬ ಖಾತರಿ ಇಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ.

ಕುರ್ಚಿಯ ಬಲ

ಅವಸರ, ಭಯ ಇವುಗಳಂತೆಯೇ ನಮ್ಮನ್ನು ಬದಲಾಯಿಸುವ ಇನ್ನೊಂದು ಶಕ್ತಿ ನಮಗೆ ದೊರೆತ ಸ್ಥಾನ. 1971ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಫಿಲಿಪ್ ಜಿಂಬಾರ್ಡೊ ಎಂಬ ಪ್ರಾಧ್ಯಾಪಕರು ಯುವಕರನ್ನು ಕೈದಿಗಳು, ಕಾವಲುಗಾರರು ಎಂದು ವಿಂಗಡಿಸಿ ಸೆರೆಮನೆಯ ಆಟ ಹೂಡಿದರು. ಎರಡು ವಾರ ನಡೆಯಬೇಕಿದ್ದುದನ್ನು ಆರೇ ದಿನಕ್ಕೆ ನಿಲ್ಲಿಸಬೇಕಾಯಿತು. ಕಾವಲುಗಾರರಾದವರಲ್ಲಿ ಕೆಲವರು ಅಷ್ಟು ಕ್ರೂರಿಗಳಾದರು. ಅಲ್ಲಿಗೆ ಭೇಟಿಯಿತ್ತ ಒಬ್ಬ ಕಥೋಲಿಕ ಗುರುವೂ, ಇದು ಆಟವೆಂದು ತಿಳಿದಿದ್ದರೂ, ನಿಜವಾದ ಸೆರೆಮನೆಯ ಗುರುವಿನಂತೆಯೇ ‘ಕೈದಿ’ಗಳಿಗೆ ವಕೀಲರ ನೆರವಿನ ಮಾತಾಡಿದರು.

ಆ ಪ್ರಯೋಗದ ಲೋಪಗಳು ಈಚಿನ ವರ್ಷಗಳಲ್ಲಿ ಬಯಲಾಗಿವೆ. ಗಟ್ಟಿಯಾಗಿ ವರ್ತಿಸುವಂತೆ ಕಾವಲುಗಾರರಿಗೆ ಮೊದಲೇ ಹೇಳಿಕೊಟ್ಟಿದ್ದರು. ಕೆಲವು ಕಾವಲುಗಾರರು ಕ್ರೌರ್ಯಕ್ಕೆ ಇಳಿಯಲೇ ಇಲ್ಲ. ಆದ್ದರಿಂದ ‘ಸಮವಸ್ತ್ರ ತೊಟ್ಟವರೆಲ್ಲ ತಾವಾಗಿಯೇ ರಾಕ್ಷಸರಾಗುತ್ತಾರೆ’ ಎಂಬ ಹಳೆಯ ಪಾಠ ಸರಿಯಲ್ಲ. ಆದರೆ ಮೇಲಿನವರು ‘ಹೀಗೆ ಮಾಡಿ, ಇದು ಒಳ್ಳೆಯ ಉದ್ದೇಶಕ್ಕೆ’ ಎಂದಾಗ ಸಾಮಾನ್ಯರು ಎಷ್ಟು ದೂರ ಹೋಗಬಲ್ಲರು ಎಂಬ ಪ್ರಶ್ನೆ ಉಳಿದೇ ಇದೆ.

ಆ ಪ್ರಶ್ನೆಯನ್ನು ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲೇ ಕೈಗೆತ್ತಿಕೊಂಡಿದ್ದರು. ತಪ್ಪು ಉತ್ತರ ಕೊಟ್ಟವನಿಗೆ ವಿದ್ಯುತ್ ಆಘಾತ ಕೊಡಿ ಎಂದು ಬಿಳಿ ಬಣ್ಣದ್ದಲ್ಲದ, ಬೂದು ಬಣ್ಣದ ಕೋಟು ತೊಟ್ಟವನೊಬ್ಬ ಹೇಳಿದಾಗ 40 ಮಂದಿಯಲ್ಲಿ 26 ಮಂದಿ ಕೊನೆಯ ಗುಂಡಿಯವರೆಗೂ ಒತ್ತಿದರು. ಆಘಾತ ನಿಜವಾದದ್ದಲ್ಲ ಎಂಬುದನ್ನು ಅವರಿಗೆ ತಿಳಿಸಿರಲಿಲ್ಲ. ಈ ಸಂಖ್ಯೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಸರಣಿಯ ಮತ್ತೊಂದು ಪ್ರಯೋಗದ ವಿಷಯ ಹೇಳುವವರು ಕಡಿಮೆ. ಅದರಲ್ಲಿ ಪಕ್ಕದಲ್ಲಿ ಕೂತ ಇಬ್ಬರು ‘ನಾವು ಮಾಡುವುದಿಲ್ಲ’ ಎಂದು ಎದ್ದುಬಿಟ್ಟರು. ಆಗ ಕೊನೆಯವರೆಗೂ ಹೋದವರು 40ರಲ್ಲಿ ನಾಲ್ವರು ಮಾತ್ರ! ಸ್ಟ್ಯಾನ್‌ಫರ್ಡಿನಲ್ಲೂ ಹಾಗೆಯೇ. ಹೊರಗಿನಿಂದ ಬಂದ ಕ್ರಿಸ್ಟಿನಾ ಮಾಸ್ಲಾಕ್ ಎಂಬ ಯುವ ಸಂಶೋಧಕಿ ‘ಈ ಹುಡುಗರಿಗೆ ನೀವು ಮಾಡುತ್ತಿರುವುದು ಘೋರ’ ಎಂದು ನೇರವಾಗಿ ಆಕ್ಷೇಪಿಸಿದ್ದರಿಂದ ಆಟ ನಿಂತಿತು.

ಸಂದರ್ಭದ ಬಲ ದೊಡ್ಡದು. ಅದನ್ನು ಮುರಿಯಲು ಕೆಲವೊಮ್ಮೆ ಒಬ್ಬರ ಒಂದು ಮಾತು ಸಾಕು.

ಮನೆಯಲ್ಲಿ ನಾವು ಯಾರು?

ಅಮೆರಿಕದ ಪ್ರಯೋಗಶಾಲೆಯಿಂದ ನಮ್ಮ ಮನೆಯ ಜಗಲಿಗೆ ಬರೋಣ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆಫೀಸಿನಲ್ಲಿ ಮೇಲಧಿಕಾರಿ ಎಷ್ಟು ಬೈದರೂ ನಗುತ್ತಾ ‘ಎಸ್ ಸಾರ್’ ಎನ್ನುವ ಗಂಡಸು, ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳುತ್ತಾನೆ. ಅವನಿಗೆ ಕೋಪ ತಡೆದುಕೊಳ್ಳಲು ಬರುವುದಿಲ್ಲವೆಂದಲ್ಲ. ಆಫೀಸಿನಲ್ಲಿ ದಿನವಿಡೀ ತಡೆದುಕೊಂಡೇ ಬಂದಿದ್ದಾನೆ. ಇಲ್ಲಿ ತಾನು ‘ಯಜಮಾನ’, ಇಲ್ಲಿ ತಡೆಯಬೇಕಿಲ್ಲ ಎಂದು ಆ ಮನೆಯ ವ್ಯವಸ್ಥೆ ಅವನಿಗೆ ಹೇಳಿಕೊಟ್ಟಿದೆ. ಸೊಸೆಯಾಗಿದ್ದಾಗ ಅಡುಗೆಮನೆಯ ಮೂಲೆಯಲ್ಲಿ ಕಣ್ಣೀರು ಒರೆಸಿಕೊಂಡವರೇ ಅತ್ತೆಯಾದ ಮೇಲೆ ಅದೇ ಮೂಲೆಯಲ್ಲಿ ಇನ್ನೊಬ್ಬಳ ಕಣ್ಣೀರನ್ನು ಕಾಣದೆ ಹೋಗುತ್ತಾರೆ.

ನಮ್ಮದೇ ಉದಾಹರಣೆ ಕೊಡುತ್ತೇನೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಬನಶಂಕರಿಯಲ್ಲಿ ಬಾಡಿಗೆ ಮನೆಗಾಗಿ ಬೀದಿ ಬೀದಿ ಅಲೆದೆವು. ‘ಟು ಲೆಟ್’ ಬೋರ್ಡು ನೋಡಿ ಒಳಗೆ ಹೋದರೆ ಹೆಸರು ಕೇಳುತ್ತಿದ್ದರು, ಆಮೇಲೆ ‘ನಾನ್ ವೆಜ್ ಮಾಡ್ತೀರಾ?’ ಎನ್ನುತ್ತಿದ್ದರು, ಆಮೇಲೆ ‘ಮನೆ ಆಗಲೇ ಬೇರೆಯವರಿಗೆ ಒಪ್ಪಿಕೊಂಡಿದ್ದೀವಿ’ ಎನ್ನುತ್ತಿದ್ದರು. ಒಂದು ಸಂಜೆ ನನ್ನ ಹೆಂಡತಿ ಬಸ್ ಸ್ಟಾಪಿನಲ್ಲಿ ಅತ್ತದ್ದು ನನಗೆ ಮರೆತಿಲ್ಲ ಎಂದುಕೊಂಡಿದ್ದೆ. ಇಪ್ಪತ್ತು ವರ್ಷಗಳ ನಂತರ ಬಿ.ಟಿ.ಎಂ. ಬಡಾವಣೆಯಲ್ಲಿ ಒಂದು ಚಿಕ್ಕ ಫ್ಲ್ಯಾಟು ಕೊಂಡು ಬಾಡಿಗೆಗೆ ಬಿಟ್ಟೆವು. ಈಶಾನ್ಯ ರಾಜ್ಯದ ಇಬ್ಬರು ಹುಡುಗಿಯರು ಮನೆ ನೋಡಲು ಬಂದರು. ನಾನು ಕೇಳಿದ ಮೊದಲ ಪ್ರಶ್ನೆ, ‘ಅಡುಗೆ ಏನೇನು ಮಾಡ್ತೀರಮ್ಮ? ವಾಸನೆ ಬರಬಾರದು ನೋಡಿ’ ಎಂದು. ಕೇಳಿದ ಮೇಲೆ ಹೆಂಡತಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ನೋವುಂಡ ಮಾತ್ರಕ್ಕೆ ಮನುಷ್ಯ ಮೃದುವಾಗುವುದಿಲ್ಲ. ಓನರ್ ಎಂಬ ಪಾತ್ರದೊಳಗೆ ಹೊಕ್ಕೊಡನೆ ಆ ಪಾತ್ರಕ್ಕೆ ಮೊದಲೇ ಬರೆದಿಟ್ಟ ಮಾತುಗಳು ನಮ್ಮ ನಾಲಿಗೆಗೆ ಬಂದುಬಿಡುತ್ತವೆ.

ಹಾಗಾದರೆ ತಪ್ಪು ಯಾರದು?

ಇಲ್ಲಿ ಓದುಗರು ಕೇಳಬಹುದು: ಎಲ್ಲವೂ ಸಂದರ್ಭದ ಆಟವಾದರೆ ಪಾಪವೆಂಬುದು ಎಲ್ಲಿದೆ? ಪಾಪನಿವೇದನೆಯ ಪೀಠದಲ್ಲಿ ‘ಟ್ರಾಫಿಕ್ ಮಾಡಿಸಿತು, ಕಮಿಟಿ ಮಾಡಿಸಿತು’ ಎಂದು ಹೇಳಿ ಬರಬಹುದೇ?

ಹಾಗೆ ಹೇಳಲು ಯತ್ನಿಸಿದವನೊಬ್ಬ ಶುಭಸಂದೇಶದಲ್ಲೇ ಇದ್ದಾನೆ. ಯೇಸುವಿನಲ್ಲಿ ಅಪರಾಧವಿಲ್ಲವೆಂದು ಪಿಲಾತನಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿಯೂ ಇದ್ದ. ಆದರೂ ರಾಜ್ಯಪಾಲನ ಕುರ್ಚಿ, ಎದುರಿನ ಗುಂಪು, ಚಕ್ರವರ್ತಿಯ ಭಯ ಇವುಗಳ ಮಧ್ಯೆ ಕೈ ತೊಳೆದುಕೊಂಡ. ಶತಮಾನಗಳಿಂದ ವಿಶ್ವಾಸ ಸಂಗ್ರಹದಲ್ಲಿ ಅವನ ಹೆಸರು ಹೇಳುತ್ತಾ ಬಂದಿದ್ದೇವೆ. ನೀರು ಆ ಕೈಗಳನ್ನು ತೊಳೆಯಲಿಲ್ಲ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಬಹಳ ಸಮತೋಲನದ್ದು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಅಜ್ಞಾನ, ಒತ್ತಾಯ, ಭಯ, ರೂಢಿ ಮೊದಲಾದವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಹುದು, ಕೆಲವೊಮ್ಮೆ ಇಲ್ಲವಾಗಿಸಲೂಬಹುದು ಎಂದು ಒಪ್ಪುತ್ತದೆ. ಸಂತ ಎರಡನೇ ಜಾನ್ ಪಾಲರು 1984ರಲ್ಲಿ ಸಂಧಾನ ಮತ್ತು ಪಶ್ಚಾತ್ತಾಪದ ಕುರಿತು ಬರೆದ ಪ್ರೇಷಿತ ಪ್ರಬೋಧನೆಯಲ್ಲಿ, ಹೊರಗಿನ ಒತ್ತಡಗಳು ನಮ್ಮನ್ನು ಬಾಗಿಸಬಹುದಾದರೂ ಪಾಪವು ಕೊನೆಗೆ ವ್ಯಕ್ತಿಯ ಸ್ವಾತಂತ್ರ್ಯದ ಕೃತ್ಯವೇ ಎಂದು ನೆನಪಿಸಿದರು. ಸಮಾಜದ ಕೆಡುಕನ್ನು ತಡೆಯಬಲ್ಲವರು ಸೋಮಾರಿತನದಿಂದಲೋ ಭಯದಿಂದಲೋ ಸುಮ್ಮನಿದ್ದರೆ ಆ ಮೌನವೂ ಪಾಪದಲ್ಲಿ ಪಾಲು ಪಡೆಯುತ್ತದೆ ಎಂದರು.

ಅಷ್ಟೇಕೆ, ಪ್ರಯೋಗಶಾಲೆಗಳು ಹುಟ್ಟುವ ಮುಂಚೆಯೇ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎನ್ನುತ್ತಿದ್ದರು. ಧರ್ಮೋಪದೇಶದ ತರಗತಿಯಲ್ಲಿ, ಪಾಪವನ್ನು ಮಾತ್ರವಲ್ಲ, ಪಾಪಕ್ಕೆ ಎಡೆಮಾಡುವ ಸಂದರ್ಭವನ್ನೂ ತೊರೆಯಬೇಕು ಎಂದು ನಮಗೆ ಕಲಿಸಿದ್ದಾರೆ. ಚಿಕ್ಕಂದಿನಲ್ಲಿ ನಾವು ಅದನ್ನು ಸಾರಾಯಿ ಅಂಗಡಿ, ಇಸ್ಪೀಟು ಇವುಗಳಿಗೆ ಮಾತ್ರ ಅನ್ವಯಿಸಿಕೊಂಡೆವು. ಅವಸರವೂ ಪಾಪಕ್ಕೆ ಎಡೆಮಾಡಬಹುದು, ಅಧಿಕಾರದ ಕುರ್ಚಿಯೂ ಎಡೆಮಾಡಬಹುದು, ‘ಎಲ್ಲರೂ ಹಾಗೇ ಮಾಡ್ತಾರೆ’ ಎನ್ನುವ ವಾಟ್ಸ್ಯಾಪ್ ಗುಂಪೂ ಎಡೆಮಾಡಬಹುದು ಎಂದು ನಮಗೆ ತೋಚಲಿಲ್ಲ.

ಆದ್ದರಿಂದ ನನಗೆ ತಿಳಿದುಬಂದದ್ದು ಇಷ್ಟು. ಬೆಂಕಿಯ ಬಳಿ ನಿಂತ ಮೇಲೆ ಬಾಯಿ ತಪ್ಪುವುದು ಸುಲಭ. ನಾವು ಲೆಕ್ಕ ಕೊಡಬೇಕಾದದ್ದು ಆ ಒಂದು ಮಾತಿಗೆ ಮಾತ್ರವಲ್ಲ; ಯಾವ ಬೆಂಕಿಯ ಬಳಿ ಹೋಗಿ ನಿಂತೆವು, ಬೇರೆಯವರಿಗಾಗಿ ಎಂಥ ಬೆಂಕಿ ಹೊತ್ತಿಸಿದೆವು ಎಂಬುದಕ್ಕೂ. ನನ್ನ ಮಟ್ಟಿಗೆ ಹೇಳುವುದಾದರೆ, ಗೇಟಿನ ಬಳಿ ಆಡಿದ ‘ನಿಮ್ಮೋರು’ ಎಂಬ ಮಾತು ಒಂದು ಕ್ಷಣದ್ದು. ಅದಕ್ಕೆ ಮುಂಚೆ ಹವಾನಿಯಂತ್ರಿತ ಕೋಣೆಯಲ್ಲಿ ಕೂತು, ಕೆಲಸದವರ ಸಂಬಳದ ಬಗ್ಗೆ ಒಂದು ಸಾಲೂ ಸೇರಿಸದೆ ಸುತ್ತೋಲೆಗೆ ಸಹಿ ಹಾಕಿದ್ದು ಸಾವಧಾನವಾಗಿ ಮಾಡಿದ ಕೆಲಸ. ಆಗ ನನ್ನನ್ನು ಯಾರೂ ಅವಸರಪಡಿಸಿರಲಿಲ್ಲ.

ಮತ್ತೊಂದು ಬೆಂಕಿ

ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ‘ಕೆಂಡದ ಬೆಂಕಿ’ ಎಂಬ ಪದ ಬರುವುದು ಎರಡೇ ಕಡೆ. ಎರಡೂ ಸಂತ ಯೊವಾನ್ನರ ಶುಭಸಂದೇಶದಲ್ಲೇ. ಒಂದು, ಪೇತ್ರ ಚಳಿ ಕಾಯಿಸಿಕೊಂಡ ಪ್ರಧಾನ ಯಾಜಕನ ಅಂಗಳ. ಇನ್ನೊಂದು, ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡ. ಅಲ್ಲಿ ಬೆಂಕಿ ಹಾಕಿದವರು ಪ್ರಭುವೇ. ಕೆಂಡದ ಮೇಲೆ ಮೀನಿತ್ತು, ರೊಟ್ಟಿಯಿತ್ತು. ಪೇತ್ರನನ್ನು ಊಟಕ್ಕೆ ಕರೆದರು. ಊಟವಾದ ಮೇಲೆ, ಮೂರು ಸಲ ನಿರಾಕರಿಸಿದವನನ್ನು ಮೂರು ಸಲ ಕೇಳಿದರು, ನನ್ನನ್ನು ಪ್ರೀತಿಸುತ್ತೀಯಾ ಎಂದು.

‘ಆ ರಾತ್ರಿ ಏಕೆ ಹಾಗೆ ಮಾಡಿದೆ?’ ಎಂದು ಪ್ರಭು ವಿಚಾರಣೆ ನಡೆಸಲಿಲ್ಲ. ‘ಪರವಾಗಿಲ್ಲ ಬಿಡು, ಸಂದರ್ಭ ಹಾಗಿತ್ತು’ ಎಂದು ತೇಲಿಸಿಬಿಡಲೂ ಇಲ್ಲ. ಪೇತ್ರ ‘ಹೌದು’ ಎನ್ನಲು ಸಾಧ್ಯವಾಗುವಂಥ ಮತ್ತೊಂದು ಬೆಂಕಿಯನ್ನು ಸಿದ್ಧಮಾಡಿಕೊಟ್ಟರು. ಕುಟುಂಬದಲ್ಲಿ, ಕೆಲಸದಲ್ಲಿ, ಧರ್ಮಕೇಂದ್ರದಲ್ಲಿ ನಾವು ಒಬ್ಬರಿಗೊಬ್ಬರು ಮಾಡಬಹುದಾದ ಉಪಕಾರ ಇದೇ: ಇನ್ನೊಬ್ಬರು ಒಳ್ಳೆಯವರಾಗಿರುವುದು ಸುಲಭವಾಗುವಂಥ ಸಂದರ್ಭವನ್ನು ಒದಗಿಸುವುದು. ಸಂಜೆ ಮನೆಗೆ ಬಂದ ಗಂಡ ಹತ್ತು ನಿಮಿಷ ಸುಮ್ಮನೆ ಕುಳಿತು ಆಮೇಲೆ ಮಾತು ಆರಂಭಿಸುವುದು. ಬಲಿಪೂಜೆಗೆ ಅರ್ಧ ಗಂಟೆ ಮುಂಚೆ ಹೊರಡುವುದು, ದಾರಿಯಲ್ಲಿ ಯಾರಿಗಾದರೂ ನಾವು ಬೇಕಾಗಬಹುದೆಂದು. ತಪ್ಪು ಒಪ್ಪಿಕೊಂಡ ಮಗುವಿಗೆ ಏಟು ಬೀಳದಂತೆ ನೋಡಿಕೊಳ್ಳುವುದು. ಏಟು ಬೀಳುವ ಮನೆಯಲ್ಲಿ ಮಕ್ಕಳು ಸುಳ್ಳು ಕಲಿಯುತ್ತಾರೆ. ಗೇಟು ಕಾಯುವವರಿಗೆ ಕೂರಲು ಒಂದು ಕುರ್ಚಿ. ಮನೆಗೆಲಸದವರಿಗೆ ನಮ್ಮದೇ ಲೋಟದಲ್ಲಿ ಕಾಫಿ, ವಾರಕ್ಕೊಂದು ರಜೆ, ನ್ಯಾಯವಾದ ಸಂಬಳ. ಮನೆಗೆಲಸಕ್ಕೂ ಕನಿಷ್ಠ ವೇತನ ಉಂಟೆಂದು ಕರ್ನಾಟಕ ಸರ್ಕಾರ 2004ರಲ್ಲೇ ಅಧಿಸೂಚನೆ ಹೊರಡಿಸಿತು. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದಿದ್ದೇವೆ?

ಅಕ್ಕನ ವಿಷಯಕ್ಕೆ ಮರಳುತ್ತೇನೆ. ನನ್ನ ಹೆಂಡತಿ ಬಾಕಿ ಸಂಬಳ ತೆಗೆದುಕೊಂಡು ಅವರ ಮನೆ ಹುಡುಕಿಕೊಂಡು ಹೋದಾಗ ಅವರು ಊರಿಗೆ ಹೊರಟುಹೋಗಿದ್ದರು. ಆ ವರ್ಷದ ಕೊನೆಗೆ ಮರಳಿದರು. ನಮ್ಮ ಕಟ್ಟಡದಲ್ಲೇ ಬೇರೆ ಮನೆಯಲ್ಲಿ ಕೆಲಸ ಹಿಡಿದರು. ಒಂದು ದಿನ ಲಿಫ್ಟಿನ ಬಳಿ ಎದುರಾದರು. ನಾನು ಬಾಕಿಯ ವಿಷಯ ಎತ್ತಿ, ಅಂದು ಹಾಗೆ ಮಾತಾಡಿದ್ದು ತಪ್ಪಾಯಿತು ಎಂದೆ. “ಬಿಡಿ ಸಾರ್, ನೀವೇನು ಮಾಡ್ತೀರಾ, ಕಮಿಟಿ ಹೇಳಿದ್ದು” ಎಂದು ನಕ್ಕರು. ನಾನು ಹೇಳಿಕೊಳ್ಳಬೇಕೆಂದಿದ್ದ ನೆಪವನ್ನು ಅವರೇ ಕ್ಷಮೆಯಾಗಿ ಕೊಟ್ಟರು. ಲಿಫ್ಟು ಬಂತು. ಅವರು ಹತ್ತಲಿಲ್ಲ. ಗೋಡೆಯ ಕಡೆ ಕೈ ತೋರಿಸಿದರು. ‘ಕೆಲಸದವರು ಹಿಂಬದಿಯ ಲಿಫ್ಟ್ ಬಳಸತಕ್ಕದ್ದು’ ಎಂಬ ಬೋರ್ಡು. ಕೆಳಗೆ ‘ಕಾರ್ಯದರ್ಶಿ’ ಎಂದಿತ್ತು. ನಾನೇ ಹಾಕಿಸಿದ್ದು.

ಮುಂದಿನ ಸಭೆಯಲ್ಲಿ ಆ ಬೋರ್ಡು ತೆಗೆಯೋಣವೆಂದು ಪ್ರಸ್ತಾಪಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಮೌನದಲ್ಲಿ ನನಗೂ ‘ಹೋಗಲಿ, ಇನ್ನೊಮ್ಮೆ ನೋಡೋಣ’ ಎಂದುಬಿಡಬೇಕೆನಿಸಿತು. ಆಗ ಮೂರನೆಯ ಮಹಡಿಯ ವಯಸ್ಸಾದ ಅಮ್ಮನೊಬ್ಬರು, ನಮ್ಮ ಧರ್ಮದವರಲ್ಲ, ಕೈ ಎತ್ತಿ “ಅವರು ಹೇಳೋದು ಸರಿ. ನನಗೂ ಆ ಬೋರ್ಡು ನೋಡಿದಾಗೆಲ್ಲ ಕಸಿವಿಸಿ ಆಗ್ತಿತ್ತು” ಎಂದರು. ಆಮೇಲೆ ಮತ್ತೆ ಮೂರು ಕೈ ಮೇಲೆದ್ದವು, ಆಮೇಲೆ ಇನ್ನಷ್ಟು. ಇಷ್ಟು ಮಂದಿಗೆ ಮೊದಲಿನಿಂದಲೂ ಕಸಿವಿಸಿ ಇತ್ತು. ಪ್ರತಿಯೊಬ್ಬರೂ ತಮಗೊಬ್ಬರಿಗೇ ಹಾಗೆನಿಸುತ್ತಿದೆ ಎಂದುಕೊಂಡಿದ್ದರು.

ಬೋರ್ಡು ಹೋಯಿತು. ಅಕ್ಕ ಈಗಲೂ ಹೆಚ್ಚಾಗಿ ಹಿಂಬದಿಯ ಲಿಫ್ಟಿನಲ್ಲೇ ಹೋಗುತ್ತಾರೆ, ಅಭ್ಯಾಸವಾಗಿಬಿಟ್ಟಿದೆ ಎನ್ನುತ್ತಾರೆ. ಗೋಡೆಯ ಬೋರ್ಡು ತೆಗೆಯುವುದು ಒಂದು ದಿನದ ಕೆಲಸ, ಮನಸ್ಸಿನ ಬೋರ್ಡಿಗೆ ವರ್ಷಗಳು ಬೇಕು. ಎದುರಾದಾಗ ನಾನು ಬಾಗಿಲು ಹಿಡಿದು “ಬನ್ನಿ ಅಕ್ಕ” ಎನ್ನುತ್ತೇನೆ. ಕೆಲವು ದಿನ ಬರುತ್ತಾರೆ.

ಕುಟುಂಬದಲ್ಲಿ ಚಿಂತನೆಗೆ

1. ನಾನು ನಾನಲ್ಲದವನಾಗುವ ಜಾಗ ಯಾವುದು? ಆಫೀಸೇ, ರಸ್ತೆಯೇ, ಊಟದ ಮೇಜೇ? ಅಲ್ಲಿ ನನ್ನ ದನಿ ಹೇಗಿರುತ್ತದೆಂದು ಮನೆಯವರನ್ನು ಕೇಳಿದ್ದೇನೆಯೇ?

2. ನನ್ನ ಮನೆಯ ಅಥವಾ ಕೆಲಸದ ಯಾವ ನಿಯಮ ಇನ್ನೊಬ್ಬರನ್ನು ಸುಳ್ಳಿಗೆ, ಭಯಕ್ಕೆ, ಅವಮಾನಕ್ಕೆ ತಳ್ಳುತ್ತಿದೆ?

3. ಒಬ್ಬರು ನ್ಯ್ಯಾಯದ ಮಾತಾಡಿ ಒಂಟಿಯಾಗಿ ನಿಂತಾಗ, ಎರಡನೆಯ ಕೈ ನನ್ನದಾಗಿತ್ತೇ?